ಮೊದಲು ನೀರು, ಆಮೇಲೆ ಜೊತೆ: ಒಂದೇ ತೊಟ್ಟಿಯಲ್ಲಿ ಹಲವು ಜಾತಿಯ ಮೀನು

ವಿಜಯಪುರದ ಯಾವುದೇ ಅಕ್ವೇರಿಯಂ ಅಂಗಡಿಯಲ್ಲಿ ಭಾನುವಾರ ಸಂಜೆ ಅರ್ಧ ತಾಸು ನಿಂತರೆ ಸಾಕು, ಒಂದೇ ಪ್ರಶ್ನೆ ಹಲವರ ಬಾಯಿಂದ ಕೇಳಿಸುತ್ತದೆ: "ಕಾಕಾ, ಇದನ್ನೂ ಅದನ್ನೂ ಒಂದೇ ತೊಟ್ಟಿಯಲ್ಲಿ ಬಿಡಬಹುದೇ?" ಕೇಳುವವರ ಮನಸ್ಸಿನಲ್ಲಿರುವುದು ಜಗಳದ ಭಯ. ಒಂದು ಮೀನು ಇನ್ನೊಂದನ್ನು ಕಚ್ಚುತ್ತದೆಯೇ, ತಿಂದುಬಿಡುತ್ತದೆಯೇ ಎಂಬ ಅಳುಕು. ಅದು ನಿಜವಾದ ಭಯವೇ. ಆದರೆ ನಮ್ಮ ಭಾಗದ ತೊಟ್ಟಿಗಳಲ್ಲಿ ಸಾಯುವ ಮೀನುಗಳಲ್ಲಿ ಬಹುಪಾಲು ಕಚ್ಚಿಸಿಕೊಂಡು ಸಾಯುವುದಿಲ್ಲ, ತಮಗೆ ಒಗ್ಗದ ನೀರಿನಲ್ಲಿ ಸೊರಗಿ ಸಾಯುತ್ತವೆ ಎಂಬುದು ನಾನು ಕಂಡುಕೊಂಡ ಮಾತು. ಆದ್ದರಿಂದ ಎರಡು ಮೀನು ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳುವ ಮೊದಲು, ಎರಡಕ್ಕೂ ನಮ್ಮ ಮನೆಯ ನೀರು ಹೊಂದುತ್ತದೆಯೇ ಎಂದು ಕೇಳಬೇಕು.

ನಮ್ಮ ನೀರು ಎಂಥದ್ದು? ವಿಜಯಪುರದ ನೆಲದಡಿ ಇರುವುದು ಕಪ್ಪು ಬಸಾಲ್ಟ್ ಬಂಡೆ. ಬಾಗಲಕೋಟೆಯ ಕಡೆಗೆ, ಲೋಕಾಪುರದ ಸುತ್ತಮುತ್ತ, ಸುಣ್ಣದ ಕಲ್ಲಿನ ಪದರಗಳಿವೆ. ಬಂಡೆಗಳ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಕೊಳವೆಬಾವಿಯಿಂದ ಮೇಲೆ ಬರುತ್ತದೆ. ಅದೇ ಗಡಸು ನೀರು. ಗೀಸರ್ ಕಾಯಿಲ್‌ಗೆ ಕಟ್ಟುವ ಬಿಳಿ ಪದರ, ಸ್ಟೀಲ್ ಕೊಡದ ಮೇಲೆ ಉಳಿಯುವ ಕಲೆ, ಸಾಬೂನು ನೊರೆಗಟ್ಟದಿರುವುದು ಇವೆಲ್ಲ ಅದರ ಗುರುತು. ಅಕ್ವೇರಿಯಂನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ: ನೀರು ಆವಿಯಾಗಿ ಎರಡು ಬೆರಳು ಕೆಳಗಿಳಿದರೆ, ಗಾಜಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಉಳಿದುಬಿಡುತ್ತದೆ, ಬ್ಲೇಡಿನಿಂದ ಕೆರೆದರೂ ಬೇಗ ಬಿಡುವುದಿಲ್ಲ. ಬೆಳಗಾವಿಯ ಕಥೆ ಬೇರೆ. ಆ ನಗರಕ್ಕೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬರುವುದು ಘಟ್ಟದ ಕಡೆಯ ಮಳೆನೀರು, ಕೊಳವೆಬಾವಿಯ ನೀರಿಗಿಂತ ಎಷ್ಟೋ ಮೆದು. ವಿಜಯಪುರ ನಗರಕ್ಕೂ ಕೃಷ್ಣೆಯ ನೀರು ಬರುತ್ತದೆ, ಆದರೆ ಎಷ್ಟೋ ಮನೆಗಳಲ್ಲಿ ನಳದ ನೀರೂ ಕೊಳವೆಬಾವಿಯ ನೀರೂ ಒಂದೇ ಸಂಪಿಗೆ ಬೀಳುತ್ತವೆ. ಹೀಗಾಗಿ ಒಂದೇ ಓಣಿಯ ಎರಡು ಮನೆಗಳ ತೊಟ್ಟಿಯಲ್ಲಿ ಎರಡು ಬಗೆಯ ನೀರು ಇರುವುದು ಸಾಮಾನ್ಯ. ಪಕ್ಕದ ಮನೆಯಲ್ಲಿ ಬದುಕಿದ ಮೀನು ನಮ್ಮಲ್ಲಿ ಯಾಕೆ ಸಾಯುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಅದು ಮನುಷ್ಯರ ಲೆಕ್ಕ. ನಿಯಾನ್ ಟೆಟ್ರಾ ಹುಟ್ಟಿ ಬೆಳೆದದ್ದು ಅಮೆಜಾನ್ ಕಾಡಿನ ತೊರೆಗಳಲ್ಲಿ, ಅಲ್ಲಿನ ನೀರು ಹೆಚ್ಚುಕಡಿಮೆ ಮಳೆನೀರಿನಷ್ಟೇ ಮೆದು, ಕೊಳೆತ ಎಲೆಗಳಿಂದಾಗಿ ಆಮ್ಲೀಯ. ಮೋಲಿ, ಪ್ಲಾಟಿಗಳ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅವಕ್ಕೆ ಗಡಸು ನೀರೇ ಹಿತ. ಗಪ್ಪಿಯೂ ಇದೇ ಪಂಗಡಕ್ಕೆ ಸೇರಿದ್ದು. ಸಿಹಿನೀರಿನ ಮೀನಿನ ಮೈಯೊಳಗಿನ ದ್ರವ ಹೊರಗಿನ ನೀರಿಗಿಂತ ಉಪ್ಪು. ಅದರಿಂದಾಗಿ ಕಿವಿರುಗಳ ಮೂಲಕ ನೀರು ಸದಾ ಒಳಗೆ ನುಗ್ಗುತ್ತಿರುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರಬೇಕು, ಕಿವಿರು ಕಳೆದುಹೋದ ಲವಣಗಳನ್ನು ನೀರಿನಿಂದ ಮತ್ತೆ ಹೀರಿಕೊಳ್ಳುತ್ತಲೇ ಇರಬೇಕು. ಈ ಏರ್ಪಾಡು ಆಯಾ ಮೀನಿನ ತವರಿನ ನೀರಿಗೆ ತಕ್ಕಂತೆ ರೂಪುಗೊಂಡಿದೆ. ಮೋಲಿಯನ್ನು ತೀರಾ ಮೆದು ನೀರಿನಲ್ಲಿ ಬಿಟ್ಟರೆ ರೆಕ್ಕೆ ಮುಚ್ಚಿಕೊಂಡು ನಿಂತಲ್ಲೇ ಮೈ ತೂಗತೊಡಗುತ್ತದೆ. ನಿಯಾನ್ ಅನ್ನು ವಿಜಯಪುರದ ಕೊಳವೆಬಾವಿ ನೀರಿನಲ್ಲಿ ಬಿಡುವುದು ಮಲೆನಾಡಿನ ಅಡಿಕೆ ಸಸಿಯನ್ನು ಇಂಡಿ ತಾಲ್ಲೂಕಿನ ನಿಂಬೆ ತೋಟದಲ್ಲಿ ನೆಟ್ಟಂತೆ: ಕೆಲವು ದಿನ ಹಸಿರಾಗಿಯೇ ಕಾಣುತ್ತದೆ, ಚಿಗುರುವುದಿಲ್ಲ.

ಹೀಗಾಗಿ ಗಪ್ಪಿ, ನಿಯಾನ್ ಎರಡೂ ಪುಟ್ಟವು, ಎರಡೂ ಸಾಧು, ಆದರೂ ಒಳ್ಳೆಯ ಜೋಡಿಯಲ್ಲ. ಒಂದಕ್ಕೆ ಹಿತವಾದ ನೀರು ಇನ್ನೊಂದಕ್ಕೆ ಭಾರ. ಕೊಳಗಳಲ್ಲಿ ಸಾಕಿ ಮಾರುವ ಮೀನುಗಳು ಕಾಡಿನ ಮೀನುಗಳಿಗಿಂತ ಹೆಚ್ಚು ಸಹಿಸಿಕೊಳ್ಳುತ್ತವೆ ಎಂಬುದೂ ನಿಜವೇ. ಸಾಧಾರಣ ಗಡಸುತನದಲ್ಲಿ ಎರಡೂ ಬದುಕಬಹುದು. ಆದರೆ ಸಹಿಸಿಕೊಂಡು ಬದುಕುವ ಮೀನಿಗೆ ರೋಗ ಬೇಗ ಹತ್ತುತ್ತದೆ, ಬಣ್ಣ ಮಂಕಾಗುತ್ತದೆ.

ಶುದ್ಧ ನೀರಿನ ಘಟಕದಿಂದ ತಂದ ಆರ್‌ಒ ನೀರನ್ನೇ ತುಂಬಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಬರೀ ಆರ್‌ಒ ನೀರು ಬೇಡ. ಅದರಲ್ಲಿ ಲವಣಗಳು ತೀರಾ ಕಡಿಮೆ. ಮೀನಿಗೂ ಸಾಲದು, ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಹಿಡಿದಿಡಲೂ ಸಾಲದು. ಕೆಲವು ವಾರಗಳಲ್ಲಿ ತೊಟ್ಟಿಯ ಪಿಎಚ್ ಇದ್ದಕ್ಕಿದ್ದಂತೆ ಕುಸಿಯಬಹುದು. ಅರ್ಧ ಕೊಳವೆಬಾವಿ ನೀರು, ಅರ್ಧ ಆರ್‌ಒ ಬೆರೆಸಿ, ಪ್ರತಿ ಬಾರಿಯೂ ಅದೇ ಪ್ರಮಾಣ ಕಾಯ್ದುಕೊಂಡರೆ ಆಯ್ಕೆ ದೊಡ್ಡದಾಗುತ್ತದೆ. ಬಾಟಲಿಯ ಔಷಧ ಸುರಿದು ಪಿಎಚ್ ಇಳಿಸುವ ಗೊಡವೆಗೆ ಮಾತ್ರ ಹೋಗಬೇಡಿ. ಗಡಸು ನೀರು ಇಳಿಸಿದ ಪಿಎಚ್ ಅನ್ನು ಮತ್ತೆ ಮೇಲೆಳೆಯುತ್ತದೆ, ಈ ಹಗ್ಗಜಗ್ಗಾಟದಲ್ಲಿ ಮೀನು ಹೈರಾಣಾಗುತ್ತದೆ. ನಳದ ನೀರಾದರೆ ಕ್ಲೋರಿನ್ ಹೋಗಲಿ ಎಂದು ಒಂದು ದಿನ ತೆರೆದಿಟ್ಟು ಬಳಸಿ.

ಇನ್ನು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಮನೆಯೊಳಗಿನ ತೊಟ್ಟಿಯ ನೀರೂ 30 ಡಿಗ್ರಿ ಮೀರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿನ ಉಸಿರಾಟದ ವೇಗ ಏರಿರುತ್ತದೆ. ಎಲ್ಲರೂ ಮೊದಲು ಕೊಳ್ಳುವ ಗೋಲ್ಡ್ ಫಿಶ್ ಈ ಸೆಕೆಗೆ ಹೇಳಿಸಿದ ಮೀನಲ್ಲ. ಅದು ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಪಳಗಿಸಿದ ತಂಪು ನೀರಿನ ಮೀನು, 18ರಿಂದ 22 ಡಿಗ್ರಿಯ ಆಸುಪಾಸು ಅದಕ್ಕೆ ಸುಖ. ಏಂಜಲ್, ಗೌರಾಮಿ, ಟೆಟ್ರಾಗಳಿಗೆ 24ರಿಂದ 28 ಬೇಕು. ಬೆಳಗಾವಿಯಲ್ಲಿ ಡಿಸೆಂಬರ್ ರಾತ್ರಿ ಹೀಟರ್ ಹಾಕಿದರೆ ಗೋಲ್ಡ್ ಫಿಶ್‌ಗೆ ಕಷ್ಟ, ಹಾಕದಿದ್ದರೆ ಏಂಜಲ್‌ಗೆ ಕಷ್ಟ. ಇವೆರಡನ್ನು ಒಂದೇ ತೊಟ್ಟಿಯಲ್ಲಿ ಇಡಬಾರದೆನ್ನಲು ಇದೊಂದೇ ಕಾರಣ ಸಾಕು. ಸಾಲದು ಎಂಬಂತೆ ಗೋಲ್ಡ್ ಫಿಶ್ ಹೊಟ್ಟೆಬಾಕ, ವಿಪರೀತ ಹೊಲಸು ಮಾಡುತ್ತದೆ, ಬಾಯಿಗೆ ಹಿಡಿಸುವ ಗಪ್ಪಿ ಮರಿಗಳನ್ನು ನುಂಗುತ್ತದೆ. ಅದರ ಬಳಗವೇ ಅದಕ್ಕೆ ಸರಿಯಾದ ಜೊತೆ. ಆ ಬಳಗದೊಳಗೂ ನೋಡಿ ಆರಿಸಬೇಕು: ಉದ್ದ ಮೈಯ ಕಾಮೆಟ್ ಚುರುಕು, ಉಬ್ಬಿದ ತಲೆಯ ಒರಾಂಡಾ ನಿಧಾನ. ಒರಾಂಡಾ ಕಾಳಿನ ಹತ್ತಿರ ಬರುವಷ್ಟರಲ್ಲಿ ಕಾಮೆಟ್ ಎಲ್ಲವನ್ನೂ ಗುಳುಂ ಮಾಡಿರುತ್ತದೆ. ಒಂದೇ ಜಾತಿಯ ಮೀನುಗಳೂ ಹೀಗೆ ಹೊಂದದೇ ಹೋಗುತ್ತವೆ.

ನೀರಿನ ವಿಷಯದಲ್ಲಿ ನಮ್ಮ ಭಾಗದವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಅಮೋನಿಯ. ಮೀನಿನ ಕಿವಿರಿನಿಂದ, ಮಲದಿಂದ, ತಿನ್ನದೆ ಕೊಳೆತ ಕಾಳಿನಿಂದ ಅಮೋನಿಯ ಬರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲುಗಳ ಮೇಲೆ ಮನೆಮಾಡುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಅಷ್ಟರೊಳಗೆ ಹತ್ತು ಬಗೆಯ ಮೀನು ತಂದು ಒಮ್ಮೆಲೇ ಸುರಿದರೆ, ಅವು ಪರಸ್ಪರ ಎಷ್ಟೇ ಹೊಂದಲಿ, ಉಳಿಯುವುದಿಲ್ಲ.

ಅಮೋನಿಯದ ವಿಷವೂ ಎಲ್ಲ ನೀರಿನಲ್ಲಿ ಒಂದೇ ಸಮನಲ್ಲ. ಅದು ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಹೆಚ್ಚು ವಿಷ, ಇನ್ನೊಂದು ಕಡಿಮೆ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ ಪಾಲು ಶೇಕಡ ಒಂದಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡ 5 ದಾಟುತ್ತದೆ, ಹತ್ತಿರಹತ್ತಿರ ಹತ್ತು ಪಟ್ಟು. 30 ಡಿಗ್ರಿಯಾದರೆ ಶೇಕಡ 7 ಮೀರುತ್ತದೆ. ನಮ್ಮ ಕೊಳವೆಬಾವಿ ನೀರು ಸಾಮಾನ್ಯವಾಗಿ ಕ್ಷಾರೀಯ, ನಮ್ಮ ಬೇಸಿಗೆ ಉಗ್ರ. ಮೆದು ನೀರಿನ ಊರಿನವರು ತೊಟ್ಟಿಯಲ್ಲಿ ನಾಲ್ಕು ಮೀನು ಹೆಚ್ಚು ಬಿಟ್ಟರೂ ಸುಧಾರಿಸಿಕೊಂಡು ಹೋದೀತು, ಇಲ್ಲಿ ಅದೇ ನಾಲ್ಕು ಮೀನು ತೊಟ್ಟಿಯನ್ನೇ ಬರಿದು ಮಾಡಬಲ್ಲವು. ಆದ್ದರಿಂದ ಯೂಟ್ಯೂಬಿನಲ್ಲಿ ಕಂಡ ತುಂಬಿ ತುಳುಕುವ ತೊಟ್ಟಿಯನ್ನು ನೋಡಿ ನಮ್ಮಲ್ಲಿ ಅಷ್ಟು ಮೀನು ಹಾಕಬಾರದು. ನಮ್ಮ ಲೆಕ್ಕ ಯಾವಾಗಲೂ ಒಂದು ಕೈ ಕಡಿಮೆಯೇ ಇರಲಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಗಲಿ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಓಡುವ ಬ್ಯಾಟರಿಯ ಏರ್ ಪಂಪ್ ಮನೆಯಲ್ಲಿ ಇರಲೇಬೇಕು.

ನೀರು ಹೊಂದಿತು ಅಂದುಕೊಳ್ಳಿ. ಆಮೇಲೆ ಬರುವುದು ಬಾಯಿಯ ಲೆಕ್ಕ. ಬಾಯೊಳಗೆ ಹಿಡಿಸುವಷ್ಟು ಸಣ್ಣ ಮೀನು ಜೊತೆಗಾರನಲ್ಲ, ಆಹಾರ. ಇದಕ್ಕೆ ಸ್ವಭಾವ ಕಾರಣವಲ್ಲ, ಮರಿಯಾಗಿದ್ದಾಗಿನಿಂದ ಜೊತೆಯಲ್ಲಿ ಬೆಳೆದರೂ ಇದು ತಪ್ಪುವುದಿಲ್ಲ. ಅಂಗಡಿಯಲ್ಲಿ ಕಾಣುವುದೆಲ್ಲ ಮರಿಗಳು ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ನಾಣ್ಯದಷ್ಟಿರುವ ಏಂಜಲ್ ಮರಿ ಬೆಳೆದು ಅಂಗೈಯಗಲವಾಗುತ್ತದೆ, ಆಗ ಅದೇ ತೊಟ್ಟಿಯ ನಿಯಾನ್‌ಗಳು ರಾತ್ರಿಗೊಂದರಂತೆ ಕಾಣೆಯಾಗುತ್ತವೆ. ಅಮೆಜಾನಿನಲ್ಲಿ ಏಂಜಲ್ ತಿನ್ನುವುದರಲ್ಲಿ ಅಂಥ ಪುಟ್ಟ ಮೀನುಗಳೂ ಸೇರಿವೆ. ಎರಡು ಇಂಚಿನ ಮುದ್ದಾದ ಆಸ್ಕರ್ ಒಂದು ವರ್ಷದಲ್ಲಿ ಗೇಣುದ್ದವಾಗಿ, ಮುಂದೆ ಅಡಿ ಮುಟ್ಟುತ್ತದೆ. ಕೊಳ್ಳುವಾಗ ಇವತ್ತಿನ ಅಳತೆ ಬೇಡ, ಬೆಳೆದ ಮೇಲಿನ ಅಳತೆ ಕೇಳಿ.

ಮೂರನೆಯದು ಸ್ವಭಾವ. ಇಲ್ಲಿ ಟೈಗರ್ ಬಾರ್ಬ್ ಅನ್ನು ಹತ್ತಿರದಿಂದ ನೋಡಿದರೆ ಬಹಳ ಸಂಗತಿ ತಿಳಿಯುತ್ತದೆ. ಏಂಜಲ್ ಮೀನು ಹೆಚ್ಚು ಅಲುಗಾಡದೆ ನೀರಿನ ನಡುವೆ ತೂಗಿ ನಿಂತಿರುತ್ತದೆ, ಹೊಟ್ಟೆಯ ಕೆಳಗೆ ದಾರದಂಥ ಎರಡು ಉದ್ದ ರೆಕ್ಕೆಗಳು ಇಳಿಬಿದ್ದಿರುತ್ತವೆ. ಬಾರ್ಬ್ ಹಿಂದಿನಿಂದ, ತುಸು ಕೆಳಗಿನಿಂದ ಬರುತ್ತದೆ. ಆ ದಾರದ ತುದಿಯನ್ನು ಒಮ್ಮೆ ಚುಟುಕಿ, ಏಂಜಲ್ ತಿರುಗುವಷ್ಟರಲ್ಲಿ ಗಿಡದ ಮರೆಗೆ ಸೇರಿರುತ್ತದೆ. ಕ್ಷಣದಲ್ಲಿ ಇನ್ನೊಂದು ಬರುತ್ತದೆ. ಎರಡು ದಿನಕ್ಕೆ ರೆಕ್ಕೆಯ ಅಂಚು ಹರಿದು ಬೆಳ್ಳಗಾಗುತ್ತದೆ, ಮುಂದೆ ಅಲ್ಲಿ ಹತ್ತಿಯ ಎಳೆಯಂಥ ಬೂಷ್ಟು ಹಿಡಿಯುತ್ತದೆ. ಏಂಜಲ್ ಸಾಯುವುದು ಆ ಸೋಂಕಿನಿಂದ, ಬರೀ ಕಚ್ಚುವಿಕೆಯಿಂದ ಅಲ್ಲ. ಬಾರ್ಬ್ ಕೆಟ್ಟ ಮೀನಲ್ಲ. ಅದು ಗುಂಪಿನ ಮೀನು, ಗುಂಪಿನೊಳಗೆ ಮೇಲು ಕೀಳು ಯಾರೆಂದು ಸದಾ ಅಟ್ಟಾಡಿ ತೀರ್ಮಾನಿಸಿಕೊಳ್ಳುತ್ತಿರುತ್ತದೆ. ಎಂಟು-ಹತ್ತು ಇದ್ದರೆ ಆ ಆಟ ಅವುಗಳ ನಡುವೆಯೇ ಮುಗಿಯುತ್ತದೆ. ಅಂಗಡಿಯಿಂದ ಚೆಂದಕ್ಕೆಂದು ಎರಡು ತಂದರೆ ಆ ಚುರುಕೆಲ್ಲ ನೆರೆಯ ಮೀನಿನ ಮೇಲೆ ತಿರುಗುತ್ತದೆ. ಗುಂಪಿನ ಮೀನನ್ನು ಒಂಟಿಯಾಗಿ ಇಡುವುದು ಕ್ರೌರ್ಯ ಎಂದೇ ನಾನು ಹೇಳುತ್ತೇನೆ. ಟೆಟ್ರಾ, ಜೀಬ್ರಾ ಡೇನಿಯೊ, ಕೋರಿಡೋರಾಸ್ ಇವೆಲ್ಲವೂ ಕನಿಷ್ಠ ಆರು ಇರಲಿ. ಆದರೂ ಉದ್ದ ರೆಕ್ಕೆಯ ಏಂಜಲ್, ಫೈಟರ್, ಗಪ್ಪಿಗಳ ಜೊತೆಗೆ ಟೈಗರ್ ಬಾರ್ಬ್ ಬೇಡವೇ ಬೇಡ.

ಫೈಟರ್ ಬಗ್ಗೆ ಎಲ್ಲರಿಗೂ ಗೊತ್ತು: ಎರಡು ಗಂಡು ಒಂದೆಡೆ ಇರುವಂತಿಲ್ಲ. ಥಾಯ್ಲೆಂಡ್ ಇದನ್ನು 2019ರಲ್ಲಿ ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಅಲ್ಲಿ ಇದನ್ನು ಕಾಳಗಕ್ಕೆಂದೇ ತಲೆಮಾರುಗಳಿಂದ ಸಾಕಿದ್ದಾರೆ. ಗಿಡಗಳಿರುವ, ಸಾಕಷ್ಟು ಜಾಗವಿರುವ ತೊಟ್ಟಿಯಲ್ಲಿ ತಳದಲ್ಲಿ ಓಡಾಡುವ ಕೋರಿಡೋರಾಸ್ ಗುಂಪಿನ ಜೊತೆ ಒಂದು ಫೈಟರ್ ಸುಮ್ಮನಿರಬಹುದು. ಬಣ್ಣದ ಬಾಲದ ಗಂಡು ಗಪ್ಪಿಯನ್ನು ಕಂಡರೆ ಮಾತ್ರ ಎದುರಾಳಿ ಎಂದೇ ಭಾವಿಸುತ್ತದೆ. ಫ್ಲವರ್‌ಹಾರ್ನ್ ಒಂಟಿಯಾಗಿಯೇ ಇರಬೇಕಾದ ಮೀನು, ಅದಕ್ಕೆ ಜೊತೆ ಹುಡುಕುವ ಪ್ರಯತ್ನವೇ ಬೇಡ. ಸಾಧುಗಳೆನಿಸಿದ ಮೋಲಿ, ಗಪ್ಪಿಗಳಲ್ಲೂ ಗಂಡುಗಳು ಹೆಣ್ಣನ್ನು ಬಿಡುವಿಲ್ಲದೆ ಬೆನ್ನಟ್ಟುತ್ತವೆ. ಒಂದು ಗಂಡಿಗೆ ಎರಡು-ಮೂರು ಹೆಣ್ಣು ಇದ್ದರೆ ಆ ಕಾಟ ಹಂಚಿಹೋಗುತ್ತದೆ.

ಸಕ್ಕರ್ ಮೀನಿನ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. "ತೊಟ್ಟಿ ಸ್ವಚ್ಛ ಮಾಡುತ್ತದೆ" ಎಂದು ಮೂರು ಇಂಚಿನ ಮರಿಯನ್ನು ಪ್ರತಿ ಹೊಸಬರ ಕೈಗೂ ಕೊಡುತ್ತಾರೆ. ಮರಿಯಾಗಿದ್ದಾಗ ಪಾಚಿ ತಿನ್ನುವುದು ನಿಜ. ಅದು ಬೆಳೆದು ಒಂದಡಿ ದಾಟುತ್ತದೆ, ಸ್ವಚ್ಛ ಮಾಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊಲಸು ಮಾಡುತ್ತದೆ. ರಾತ್ರಿ ದೀಪ ಆರಿದ ಮೇಲೆ ನಿಧಾನಗತಿಯ ಗೋಲ್ಡ್ ಫಿಶ್‌ನ ಪಕ್ಕೆಗೆ ಅಂಟಿಕೊಂಡು ಮೈಯ ಲೋಳೆಯನ್ನು ಕೆರೆದು ತಿನ್ನುತ್ತದೆ. ಬೆಳಿಗ್ಗೆ ಗೋಲ್ಡ್ ಫಿಶ್‌ನ ಮೈಮೇಲೆ ದುಂಡಗೆ ಹುರುಪೆ ಎದ್ದ ಕೆಂಪು ಗುರುತು ಕಂಡರೆ ಮೊದಲು ಸಂಶಯಪಡಬೇಕಾದದ್ದು ಅದನ್ನೇ. ಗಾಜಿನ ಪಾಚಿಯನ್ನು ಸ್ಪಂಜಿನಿಂದ ಒರೆಸಿದರೆ ಆಯಿತು.

ಹಾಗಾದರೆ ಯಾವುದನ್ನು ಯಾವುದರ ಜೊತೆ ಇಡಬಹುದು? ಸಾಮಾನ್ಯ ಮನೆಯ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಳತೆಯ ಪ್ರಕಾರ ಸುಮಾರು 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45 ಉಳಿಯುತ್ತದೆ. ವಿಜಯಪುರ, ಬಾಗಲಕೋಟೆಯ ಕೊಳವೆಬಾವಿ ನೀರಿಗೆ ನನ್ನ ಮೊದಲ ಆಯ್ಕೆ ಪ್ಲಾಟಿ ಮತ್ತು ಗಪ್ಪಿ. ಎರಡಕ್ಕೂ ಆ ನೀರು ಹಿತ, ಎರಡೂ ಒಂದನ್ನೊಂದು ಗಮನಿಸುವುದೇ ಇಲ್ಲ. ಆರಂಭಕ್ಕೆ ಎರಡೂ ಸೇರಿ ಆರು ಸಾಕು, ಅವು ಮರಿ ಹಾಕಿ ತಾವೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಮೂರಡಿಯ ತೊಟ್ಟಿಯಾದರೆ ಜೀಬ್ರಾ ಡೇನಿಯೊ, ರೋಸಿ ಬಾರ್ಬ್ ಸೇರಿಸಬಹುದು. ಇವೆರಡೂ ನಮ್ಮ ಉಪಖಂಡದ ಹೊಳೆಗಳವೇ, ನೀರಿನ ವಿಷಯದಲ್ಲಿ ತಕರಾರು ಕಡಿಮೆ. ಬೆಳಗಾವಿಯ ಮೆದು ನೀರಿನಲ್ಲಿ ಟೆಟ್ರಾಗಳ ಗುಂಪು, ಒಂದು ಜೋಡಿ ಹನಿ ಗೌರಾಮಿ, ಮೂರಡಿಯಾದರೆ ತಳಕ್ಕೆ ಕೋರಿಡೋರಾಸ್ ಗುಂಪು, ಚಳಿಗಾಲಕ್ಕೊಂದು ಹೀಟರ್. ಗೌರಾಮಿ ಮೇಲ್ಭಾಗದಲ್ಲಿ, ಟೆಟ್ರಾ ನಡುವೆ, ಕೋರಿಡೋರಾಸ್ ತಳದಲ್ಲಿ ಓಡಾಡುವುದರಿಂದ ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ತಳದ ಮೀನಿಗೆ ಮುಳುಗುವ ಕಾಳನ್ನು ದೀಪ ಆರಿಸುವ ಮುಂಚೆ ಬೇರೆಯಾಗಿ ಹಾಕಿ, ಮೇಲಿನವು ಬಿಟ್ಟದ್ದರಲ್ಲೇ ಅದು ಹೊಟ್ಟೆ ತುಂಬಿಸಿಕೊಳ್ಳಲಾರದು.

ನಾಲ್ಕಡಿ ತೊಟ್ಟಿ, ಒಳ್ಳೆಯ ಫಿಲ್ಟರ್ ಇರುವ ವಿಜಯಪುರದವರು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳತ್ತ ಒಮ್ಮೆ ನೋಡಬೇಕು. ಆ ಸರೋವರದ ಪಿಎಚ್ 7.7ರಿಂದ 8.6. ಉಳಿದ ಊರಿನವರು ಸುಣ್ಣದ ಕಲ್ಲು, ಚಿಪ್ಪು ಹಾಕಿ ತಯಾರಿಸಿಕೊಳ್ಳುವ ಬಗೆಯ ಕ್ಷಾರೀಯ ನೀರು ನಮಗೆ ಪಂಪು ಹಾಕಿದರೆ ಬರುತ್ತದೆ. ಹಳದಿ, ನೀಲಿ ಬಣ್ಣದಲ್ಲಿ ಸಮುದ್ರದ ಮೀನುಗಳನ್ನೇ ಹೋಲುತ್ತವೆ. ಜಗಳಗಂಟಿಗಳು ಎಂಬುದು ನಿಜ, ಆದ್ದರಿಂದ ಅಡಗಲು ಕಲ್ಲಿನ ಗವಿಗಳು ಬೇಕು, ಬೇರೆ ಯಾವ ಜಾತಿಯನ್ನೂ ಅವುಗಳ ನಡುವೆ ಬಿಡಬಾರದು. ಇದಕ್ಕೆ ವಿರುದ್ಧವಾಗಿ, ಪಶ್ಚಿಮ ಘಟ್ಟದ ಹೊಳೆಗಳ ಚೆಲುವೆ ಮಿಸ್ ಕೇರಳ ಮೀನು ನಮ್ಮ ಬೇಸಿಗೆಗೆ ಹೇಳಿದ್ದಲ್ಲ. ಅದು ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರಿನ ಮೀನು. ಅಳಿವಿನಂಚಿನ ಪಟ್ಟಿಯಲ್ಲೂ ಇದೆ, ಹೊಳೆಯಿಂದ ಹಿಡಿದು ತಂದದ್ದನ್ನು ಯಾರೂ ಕೊಳ್ಳಬಾರದು.

ಹೊಸ ಮೀನನ್ನು ತಂದ ದಿನವೇ ದೊಡ್ಡ ತೊಟ್ಟಿಗೆ ಬಿಡಬೇಡಿ. ಎರಡು-ಮೂರು ವಾರ ಬೇರೆ ಟಬ್ಬಿನಲ್ಲಿ, ಒಂದು ಸ್ಪಂಜ್ ಫಿಲ್ಟರ್ ಹಾಕಿ ಇಡಿ. ರವೆ ಕಾಳು ಅಂಟಿದಂತೆ ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗ ಇದ್ದರೆ ಅಷ್ಟರೊಳಗೆ ಕಾಣಿಸಿಕೊಳ್ಳುತ್ತದೆ. ಆಮೇಲೆ ದೊಡ್ಡ ತೊಟ್ಟಿಯ ದೀಪ ಆರಿಸಿ, ಕಲ್ಲು-ಗಿಡಗಳ ಜಾಗ ಬದಲಿಸಿ ಬಿಡಿ. ಹಳೆಯ ಮೀನುಗಳು ಹಿಡಿದುಕೊಂಡಿದ್ದ ಜಾಗದ ಗುರುತು ತಪ್ಪುವುದರಿಂದ ಹೊಸದಕ್ಕೂ ಒಂದು ಮೂಲೆ ಸಿಗುತ್ತದೆ.

ಮುಂದೆ ಏನಾದರೂ ಎಡವಟ್ಟಾದರೆ ತಪ್ಪು ಜೊತೆಯದೋ ನೀರಿನದೋ ಎಂದು ತಿಳಿಯುವುದು ಕಷ್ಟವಲ್ಲ. ಬೆಳಗಿನ ಜಾವ ಬಹುತೇಕ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ನೀರಿನ ದೋಷ. ಕೂಡಲೇ ಕಾಲು ಭಾಗ ನೀರು ಬದಲಿಸಿ, ಏರ್ ಪಂಪ್ ಹೆಚ್ಚಿಸಿ, ಆ ದಿನ ಕಾಳು ಹಾಕಬೇಡಿ. ಒಂದೇ ಮೀನು ಫಿಲ್ಟರಿನ ಹಿಂದೆ ಅಡಗಿ, ರೆಕ್ಕೆ ಹರಿದು, ಕಾಳಿಗೂ ಬಾರದಿದ್ದರೆ ಅದು ಜೊತೆಯ ದೋಷ. ಆಗ ಪೆಟ್ಟು ತಿಂದ ಮೀನನ್ನು ಟಬ್ಬಿಗೆ ಹಾಕಿ ಗುಣಪಡಿಸಿ, ಆದರೆ ತೊಟ್ಟಿಯಿಂದ ಶಾಶ್ವತವಾಗಿ ತೆಗೆಯಬೇಕಾದದ್ದು ಹೊಡೆಯುವ ಮೀನನ್ನು. ಅದು ಅಲ್ಲೇ ಉಳಿದರೆ ಮುಂದಿನ ವಾರ ಇನ್ನೊಂದರ ಬೆನ್ನು ಹತ್ತುತ್ತದೆ. ತೆಗೆದದ್ದನ್ನು ಅಂಗಡಿಗೆ ಮರಳಿಸಿ ಇಲ್ಲವೇ ದೊಡ್ಡ ತೊಟ್ಟಿಯಿರುವ ಪರಿಚಯದವರಿಗೆ ಕೊಡಿ. ಪುಣ್ಯ ಬರುತ್ತದೆಂದು ಭೂತನಾಳ ಕೆರೆಗೋ ಕೃಷ್ಣೆಗೋ ಬಿಡಬೇಡಿ: ಹಾಗೆ ಬಿಟ್ಟ ಸಕ್ಕರ್ ಮೀನುಗಳು ದಕ್ಷಿಣ ಭಾರತದ ಹಲವು ಕೆರೆಗಳಲ್ಲಿ ಈಗಾಗಲೇ ದಂಡೆ ಕೊರೆದು ಗೂಡು ಮಾಡಿವೆ, ಅವುಗಳ ಮುಳ್ಳು ರೆಕ್ಕೆಗೆ ಮೀನುಗಾರರ ಬಲೆಗಳು ಹರಿಯುತ್ತಿವೆ.